ನೀರು ನಿಂತ ಮುಂಬಯಿಯಲ್ಲಿ ಕಾರು: ಮನೆ ಬಿಡುವ ಮುನ್ನ, ನೀರಿನ ಅಂಚಿನಲ್ಲಿ, ನೀರಿನೊಳಗೆ

ಪ್ರತಿ ವರ್ಷ ಮೊದಲ ದೊಡ್ಡ ಮಳೆಯ ಮರುದಿನ ನನ್ನ ಮೊಬೈಲ್‌ಗೆ ಬರುವ ಸಂದೇಶಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ‘ನೀರಿನಲ್ಲಿ ಎಂಜಿನ್ ನಿಂತಿತು, ಮತ್ತೆ ಸ್ಟಾರ್ಟ್ ಮಾಡಿ ನೋಡಿದೆ, ಈಗ ಗ್ಯಾರೇಜಿನವರು ಎಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ, ವಿಮೆ ಸಿಗುತ್ತದೆಯೇ?’ ಕಳುಹಿಸುವವರು ಹೊಸ ಚಾಲಕರಲ್ಲ. ಡೊಂಬಿವಲಿಯಿಂದ ಅಂಧೇರಿಗೆ, ಬೊರಿವಲಿಯಿಂದ ಪರೇಲಿಗೆ ವರ್ಷಗಟ್ಟಲೆ ಕಾರಿನಲ್ಲಿ ಓಡಾಡಿ ಪಳಗಿದ ನಮ್ಮವರೇ. ಎಡವುವುದು ಒಂದೇ ಜಾಗದಲ್ಲಿ. ಹೋಗಬೇಕೋ ಬೇಡವೋ ಎಂಬುದನ್ನು ನೀರಿಗೆ ಇಳಿದ ಮೇಲೆ ಯೋಚಿಸಲು ತೊಡಗುತ್ತಾರೆ. ಅಷ್ಟು ಹೊತ್ತಿಗೆ ಹಿಂದಿನವನ ಹಾರ್ನ್, ಮುಂದೆ ದಾಟಿಹೋದ ಬಸ್ಸು, ಕಚೇರಿಯ ಹಾಜರಿ ಪುಸ್ತಕ ಇವೇ ನಮ್ಮ ಪರವಾಗಿ ತೀರ್ಮಾನ ಮಾಡಿಬಿಟ್ಟಿರುತ್ತವೆ.

ನಾನೂ 2017ರ ಆಗಸ್ಟ್ 29ರಂದು ಗಾಂಧಿ ಮಾರ್ಕೆಟ್ ಹತ್ತಿರ ಇದನ್ನೇ ಮಾಡಿದೆ. ಮೂರು ಸಲ ಕೀಲಿ ತಿರುಗಿಸಿದೆ. ಮೂರನೆಯ ಸಲ ಬಾನೆಟ್ ಒಳಗಿನಿಂದ ‘ಟಕ್’ ಎಂದಿತು. ಆ ಒಂದು ಸದ್ದಿಗೆ ಹೊಸ ಸ್ಕೂಟರಿನಷ್ಟು ದುಡ್ಡು ತೆತ್ತೆ.

ಹಂತಗಳನ್ನು ಇದೇ ಕ್ರಮದಲ್ಲಿ ಓದಿ. 6ನೆಯ ಹಂತವನ್ನು ಹಿಂದಿನ ಸೀಟಿನಲ್ಲಿ ಕೂರುವವರಿಗೂ ಓದಿ ಹೇಳಿ.

1. ಮಳೆಗಾಲಕ್ಕೆ ಮೊದಲೇ ಮುಗಿಸಬೇಕಾದ ಕೆಲಸ

ಗಾಜು ಒಡೆಯುವ ಸುತ್ತಿಗೆ ಕೊಳ್ಳಿ. ಸೀಟ್ ಬೆಲ್ಟ್ ಕತ್ತರಿಸುವ ಅಲಗೂ ಅದರಲ್ಲೇ ಇರಲಿ. ಬಹಳ ಮಂದಿ ಇದನ್ನು ಕೊಂಡು ಡಿಕ್ಕಿಯಲ್ಲಿ ಹಾಕಿ ಮರೆಯುತ್ತಾರೆ. ಬೆಲ್ಟ್ ಕಟ್ಟಿಕೊಂಡು ಕುಳಿತಾಗ ಕೈಗೆ ಎಟುಕದ ಸುತ್ತಿಗೆ ಇದ್ದರೂ ಇಲ್ಲದ ಹಾಗೆ. ಚಾಲಕನ ಬಾಗಿಲಿನ ಜೇಬಿನಲ್ಲೋ ಗೇರಿನ ಪಕ್ಕದಲ್ಲೋ ಇರಿಸಿ.

ಯಾವ ಗಾಜು ಒಡೆಯುತ್ತದೆ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಮುಂದಿನ ದೊಡ್ಡ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಲ್ಯಾಮಿನೇಟೆಡ್ ಗಾಜು. ಎಷ್ಟು ಹೊಡೆದರೂ ಬಿರುಕು ಬಿಡುತ್ತದೆಯೇ ಹೊರತು ದಾರಿ ಬಿಡುವುದಿಲ್ಲ. ಪಕ್ಕದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಟೆಂಪರ್ಡ್ ಗಾಜು ಇರುತ್ತದೆ. ಮೂಲೆಗೆ ಪೆಟ್ಟು ಬಿದ್ದರೆ ಅದು ಹರಳುಗಳಾಗಿ ಉದುರುತ್ತದೆ. ದುಬಾರಿ ಕಾರುಗಳಲ್ಲಿ ಕೆಲವಕ್ಕೆ ಪಕ್ಕದಲ್ಲೂ ಲ್ಯಾಮಿನೇಟೆಡ್ ಗಾಜೇ ಬರುತ್ತಿದೆ. ಗಾಜಿನ ಮೂಲೆಯಲ್ಲಿ ಅಚ್ಚಾದ ಗುರುತನ್ನು ಓದಿ ನೋಡಿ.

ಬಾನೆಟ್ ತೆರೆದು ಏರ್ ಫಿಲ್ಟರ್ ಪೆಟ್ಟಿಗೆಗೆ ಗಾಳಿ ಎಳೆಯುವ ಕೊಳವೆಯ ಬಾಯಿ ಎಲ್ಲಿದೆ ಎಂದು ಪತ್ತೆ ಮಾಡಿ. ಕೆಲವು ಕಾರುಗಳಲ್ಲಿ ಹೆಡ್‌ಲೈಟಿನ ಹಿಂದೆ ಮೇಲ್ಗಡೆ ಇರುತ್ತದೆ, ಕೆಲವದರಲ್ಲಿ ಬಂಪರಿನ ಮಟ್ಟಕ್ಕೆ ಇಳಿದಿರುತ್ತದೆ. ಎಂಜಿನ್ ಸಾಯುವುದು ಆ ಬಾಯಿಗೆ ನೀರು ಹೊಕ್ಕಾಗ. ಸೈಲೆನ್ಸರ್ ಮುಳುಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ, ಗಾಳಿಯ ಕೊಳವೆಯನ್ನು ಯಾರೂ ನೋಡುವುದಿಲ್ಲ.

ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ಆರಿಸುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ ಅದನ್ನು ನಿಲ್ಲಿಸುವ ಗುಂಡಿ ಯಾವುದು ಎಂದು ತಿಳಿದುಕೊಳ್ಳಿ. ಟೋ ಮಾಡುವ ಕೊಂಡಿ ಜಾಕ್ ಜೊತೆ ಡಿಕ್ಕಿಯ ತಳದಲ್ಲಿ ಇರುತ್ತದೆ, ಅದನ್ನು ಒಮ್ಮೆ ಬಂಪರಿಗೆ ತಿರುಗಿಸಿ ಹಾಕಿ ನೋಡಿ. ಟಾರ್ಚ್, ಪವರ್ ಬ್ಯಾಂಕ್, ಕುಡಿಯುವ ನೀರು, ನಿತ್ಯದ ಮಾತ್ರೆ, ಲೇಸು ಕಟ್ಟುವ ಒಂದು ಜೊತೆ ಹಳೆಯ ಬೂಟು ಕಾರಿನಲ್ಲಿರಲಿ. ನೀರಿನಲ್ಲಿ ಚಪ್ಪಲಿ ಹತ್ತು ಹೆಜ್ಜೆಯೂ ನಿಲ್ಲುವುದಿಲ್ಲ.

ವಿಮೆಯ ಮಾತು ಚುಟುಕಾಗಿ: ಬರೀ ಥರ್ಡ್ ಪಾರ್ಟಿ ವಿಮೆಯಲ್ಲಿ ನೆರೆಯಿಂದ ನಿಮ್ಮ ಕಾರಿಗಾದ ಹಾನಿಗೆ ಕಾಸೂ ಸಿಗುವುದಿಲ್ಲ. ಸಮಗ್ರ ವಿಮೆ ಇದ್ದರೂ ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ ಕೆಡಿಸಿದರೆ ಅದಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಪಾಲಿಸಿ ನವೀಕರಿಸುವಾಗಲೇ ಕೇಳಿ ಸೇರಿಸಿಕೊಳ್ಳಿ.

2. ಮನೆ ಬಿಡುವ ಮುನ್ನ ಎರಡು ಅಂಕಿ

ಮಳೆ ಎಷ್ಟು, ಭರತ (ಸಮುದ್ರದ ಉಬ್ಬರ) ಎಷ್ಟು ಹೊತ್ತಿಗೆ? ಇವೆರಡನ್ನೂ ಸೇರಿಸಿ ಓದಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದವರಿಗೆ ಭರತ-ಇಳಿತ ಹೊಸ ವಿಷಯವಲ್ಲ. ಆದರೂ ಮುಂಬಯಿಯ ಮಳೆನೀರಿನ ಚರಂಡಿಗಳು ಸಮುದ್ರಕ್ಕೆ ಬಿಡುತ್ತವೆ ಎಂಬುದು ಪೇಟೆಯ ನಡುವೆ ನೆನಪಿಗೆ ಬರುವುದಿಲ್ಲ. ಭರತ ಏರಿದಾಗ ಸಮುದ್ರದ ನೀರು ಒಳನುಗ್ಗದಂತೆ ಚರಂಡಿಗಳ ಬಾಗಿಲುಗಳನ್ನು ಮುಚ್ಚಬೇಕಾಗುತ್ತದೆ. ಆಗ ರಸ್ತೆಯ ನೀರಿಗೆ ಪಂಪುಗಳೇ ಗತಿ. ಇಲ್ಲಿನ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಲಾಗಿತ್ತು, ಆಮೇಲಿನ ಸುಧಾರಣೆಯ ಗುರಿ ಗಂಟೆಗೆ 50 ಮಿ.ಮೀ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಸುರಿದದ್ದು 944 ಮಿ.ಮೀ.

4.5 ಮೀಟರ್ ಮೀರುವ ಭರತದ ದಿನಗಳ ಪಟ್ಟಿಯನ್ನು ಮಹಾನಗರ ಪಾಲಿಕೆ ಮಳೆಗಾಲಕ್ಕೆ ಮೊದಲೇ ಪ್ರಕಟಿಸುತ್ತದೆ. ಅವು ಬರುವುದು ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನಲ್ಲಿ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿಡಿ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಜೋರು ಮಳೆ ಇದ್ದರೆ ಭರತದ ಹಿಂದು ಮುಂದಿನ ಎರಡೆರಡು ಗಂಟೆ ನಾನು ಕಾರು ತೆಗೆಯುವುದಿಲ್ಲ.

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ಮೀರಿದರೆ ವಿಪರೀತ ಭಾರಿ. ಈ ಅಂಕಿಗಳನ್ನು ನೋಡಿಯೇ ಜನ ಮೋಸ ಹೋಗುವುದು. 100 ಮಿ.ಮೀ. ಮಳೆ ಇಡೀ ದಿನ ಹಂಚಿ ಬಂದರೆ ನಗರಕ್ಕೆ ಲೆಕ್ಕಕ್ಕಿಲ್ಲ, ಎರಡು ಗಂಟೆಯಲ್ಲಿ ಬಂದರೆ ಎಲ್ಲ ನಿಲ್ಲುತ್ತದೆ. ಆದ್ದರಿಂದ ಪಾಲಿಕೆಯ ವಿಪತ್ತು ನಿರ್ವಹಣಾ ವಿಭಾಗದ ಜಾಲತಾಣದಲ್ಲಿ ನಿಮ್ಮ ದಾರಿಯ ಮಳೆಮಾಪಕಗಳ ಇತ್ತೀಚಿನ ಅಂಕಿಯನ್ನೂ, ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗೆ ಕೊಡುವ ಮುನ್ಸೂಚನೆಯನ್ನೂ ನೋಡಿ. ಗಂಟೆಗೆ 50 ದಾಟಿದ್ದರೆ ಇದ್ದಲ್ಲೇ ಇರಿ.

ಬೆಳಿಗ್ಗೆ ಇಷ್ಟೆಲ್ಲ ನೋಡಿ ಹೊರಟವರೂ ಸಂಜೆ ಏನೂ ನೋಡದೆ ಮನೆಗೆ ಓಡುತ್ತಾರೆ. ಸಿಕ್ಕಿಬೀಳುವುದು ಆಗಲೇ. ಮಧ್ಯಾಹ್ನ ಮೂರರ ಹೊತ್ತಿಗೆ ಇದೇ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಲೋಕಲ್ ರೈಲು ನಿಂತಿತು, ಕಾರಿನಲ್ಲಾದರೂ ಹೋಗೋಣ ಎನ್ನುವ ಲೆಕ್ಕವೂ ತಲೆಕೆಳಗಾದದ್ದು. ಕುರ್ಲಾ-ಸಯನ್ ನಡುವೆ ಹಳಿ ಮುಳುಗಿದೆ ಎಂದರೆ ಸುತ್ತಲಿನ ರಸ್ತೆಗಳ ಗತಿಯನ್ನು ಬೇರೆ ಹೇಳಬೇಕಿಲ್ಲ.

ದಾರಿಯಲ್ಲಿ ರಾತ್ರಿ ಕಳೆಯಬಹುದಾದ ಮೂರು ಜಾಗಗಳನ್ನು ಮೊದಲೇ ಗೊತ್ತು ಮಾಡಿ ಮನೆಯವರಿಗೆ ತಿಳಿಸಿ. ಅತ್ತೆಯ ಮನೆಯಾಗಬಹುದು, ಕಚೇರಿಯ ಕುರ್ಚಿಯಾಗಬಹುದು, ಪರಿಚಯದ ಶೆಟ್ಟರ ಹೋಟೆಲಿನ ಮಾಳಿಗೆಯಾಗಬಹುದು.

3. ದಾರಿ ಆರಿಸುವಾಗ

ಜೋರು ಮಳೆ ಹಿಡಿಯಿತೆಂದರೆ ರೈಲು ಹಳಿಯಡಿ ಹಾದುಹೋಗುವ ಸಬ್‌ವೇಗಳು ನಿಮ್ಮ ನಕ್ಷೆಯಲ್ಲೇ ಇಲ್ಲ ಎಂದುಕೊಳ್ಳಿ. ಅಂಧೇರಿ, ಮಿಲನ್, ಖಾರ್, ಮಲಾಡ್, ದಹಿಸರ್ ಯಾವುದೂ ಬೇಡ, ತೆರೆದಿದ್ದರೂ ಬೇಡ. ಸಬ್‌ವೇ ಎಂದರೆ ಎರಡು ಕಡೆ ಗೋಡೆ ಇರುವ ಬೋಗುಣಿ. ನೀರು ನಾಲ್ಕೂ ಕಡೆಯಿಂದ ಇಳಿದು ಬರುತ್ತದೆ, ಹೊರಳಿಸಲು ಜಾಗವಿಲ್ಲ, ಪಕ್ಕಕ್ಕೆ ಹತ್ತಿ ಪಾರಾಗಲು ದಾರಿಯಿಲ್ಲ. 2019ರ ಜುಲೈ ಆರಂಭದಲ್ಲಿ ಮಲಾಡ್ ಸಬ್‌ವೇಯಲ್ಲಿ ಕಾರಿನೊಳಗೆ ಸಿಲುಕಿ ಇಬ್ಬರು ಸತ್ತರು. ಅದು ಸಣ್ಣ ಕಾರಾಗಿರಲಿಲ್ಲ, ಎತ್ತರದ ಎಸ್‌ಯುವಿ. ಅಂಧೇರಿಗೆ ಗೋಖಲೆ ಸೇತುವೆ, ಮಿಲನ್‌ಗೆ ಪಕ್ಕದ ಮೇಲ್ಸೇತುವೆ ಇವೆ. ಅರ್ಧ ಗಂಟೆ ಸಾಲಿನಲ್ಲಿ ನಿಂತರೂ ಅಲ್ಲಿಂದಲೇ ಹೋಗಿ.

ಹಿಂದಮಾತಾ, ಗಾಂಧಿ ಮಾರ್ಕೆಟ್, ಸಯನ್, ಕುರ್ಲಾದ ಎಲ್‌ಬಿಎಸ್ ಮಾರ್ಗ, ಕಲಿನಾ ಇವು ತಗ್ಗುಗಳು. ಮಿಠಿ ನದಿ ವಿಹಾರ್-ಪೊವಯಿ ಕೆರೆಗಳ ಕಡೆಯಿಂದ ಕುರ್ಲಾ, ಬಾಂದ್ರಾ-ಕುರ್ಲಾ ಸಂಕೀರ್ಣದ ಅಂಚಿನಲ್ಲಿ ಹಾದು ಮಾಹಿಮ್ ಖಾರಿಯಲ್ಲಿ ಸಮುದ್ರಕ್ಕೆ ಸೇರುತ್ತದೆ. ಅದು ತುಂಬಿದ್ದರೆ ಆಚೀಚೆ ಎಲ್ಲೂ ನುಸುಳಲು ನೋಡಬೇಡಿ. ಹಿಂದಮಾತಾದಲ್ಲಿ ನೆಲದಡಿಯ ತೊಟ್ಟಿಗಳನ್ನು ಕಟ್ಟಿದ ಮೇಲೆ ನೀರು ಬೇಗ ಇಳಿಯುತ್ತದೆ ನಿಜ. ಹಾಗೆಂದು ನಂಬಿ ನುಗ್ಗುವಷ್ಟಲ್ಲ.

ಮೊಬೈಲ್ ನಕ್ಷೆಯನ್ನು ಈ ದಿನಗಳಲ್ಲಿ ಅನುಮಾನದಿಂದ ನೋಡಿ. ನೀರು ತುಂಬಿ ವಾಹನಗಳೇ ಇಲ್ಲದ ರಸ್ತೆಯನ್ನು ಅದು ‘ದಟ್ಟಣೆ ಇಲ್ಲ’ ಎಂದು ಓದಿ ನಿಮ್ಮನ್ನು ಅತ್ತಲೇ ಕಳುಹಿಸಬಹುದು. ಇಡೀ ನಗರ ಕೆಂಪಾಗಿರುವಾಗ ಒಂದೇ ಒಂದು ಗಲ್ಲಿ ಖಾಲಿ ಕಂಡರೆ ಅದಕ್ಕೆ ಕಾರಣವಿರುತ್ತದೆ.

ಘಾಟ್ಕೋಪರ್, ಭಾಂಡುಪ್, ಚೆಂಬೂರಿನ ಗುಡ್ಡದ ಬುಡ, ತಡೆಗೋಡೆ, ಹಳೆಯ ಮರ ಇವುಗಳ ಕೆಳಗೆ ಕಾರು ನಿಲ್ಲಿಸಬೇಡಿ. ನೆಲಮಾಳಿಗೆಗೆ ನೀರು ನುಗ್ಗುತ್ತಿರುವಾಗ ಕಾರು ತರಲು ಕೆಳಗೆ ಇಳಿಯಲೇಬೇಡಿ.

4. ನೀರಿನ ಅಂಚಿನಲ್ಲಿ ಐದು ನಿಮಿಷ

ನೀರು ಕಂಡ ಕೂಡಲೇ, ಅದಕ್ಕೆ ಮೂರು ಕಾರಿನಷ್ಟು ದೂರದಲ್ಲೇ ನಿಲ್ಲಿಸಿ. ಪಕ್ಕದಲ್ಲಿ ಹೊರಳಿಸಲು ಗಲ್ಲಿಯಿದ್ದರೆ ಇನ್ನೂ ಒಳ್ಳೆಯದು. ಅಂಚಿಗೆ ಮೂಗು ತಾಗಿಸಿ ನಿಂತರೆ ಎರಡೇ ನಿಮಿಷದಲ್ಲಿ ಹಿಂದೆ ಸಾಲು ಕಟ್ಟುತ್ತದೆ, ಆಮೇಲೆ ಮುಂದಕ್ಕೆ ಹೋಗುವುದೊಂದೇ ದಾರಿ. ಹಾರ್ನ್ ಹೊಡೆಯುವವನಿಗೆ ಗಾಜು ಇಳಿಸಿ ‘ನೀವು ಹೋಗಿ’ ಎಂದು ಕೈ ಮಾಡಿ. ಅವನು ಹೋದರೆ ಆಳ ಎಷ್ಟೆಂದು ನಿಮಗೆ ಪುಕ್ಕಟೆಯಾಗಿ ತಿಳಿಯುತ್ತದೆ.

ಆಳ ಅಳೆಯಲು ನಡೆಯುವವರ ಕಾಲು ನೋಡಿ. ಪಾದದ ಗಂಟಿನವರೆಗೆ ಇದ್ದರೆ ಸಣ್ಣ ಕಾರು ಹೋಗಬಹುದು. ಮೀನಖಂಡದ ಅರ್ಧ ಮುಳುಗಿದ್ದರೆ ಬೇಡ. ಮೊಣಕಾಲಿಗೆ ಬಂದಿದ್ದರೆ ದೊಡ್ಡ ಎಸ್‌ಯುವಿಯೂ ಬೇಡ. ವಾಹನ ನೋಡಿ ಅಳೆಯುವುದಾದರೆ ರಿಕ್ಷಾವನ್ನು ನೋಡಿ, ನಗರ ಸಾರಿಗೆಯ ಬೆಸ್ಟ್ (BEST) ಬಸ್ಸನ್ನಲ್ಲ. ಬಸ್ಸಿನ ಗಾಲಿಯ ಎತ್ತರವೇ ಬೇರೆ, ಅದರ ಹಿಂದೆ ಹೋಗುವುದೆಂದರೆ ಅದು ಎಬ್ಬಿಸಿದ ಅಲೆಯನ್ನು ನಿಮ್ಮ ಗಾಳಿಯ ಕೊಳವೆಗೆ ಬರಮಾಡಿಕೊಂಡಂತೆ. ರಿಕ್ಷಾಗಳು ಮರಳಿ ಬರುತ್ತಿದ್ದರೆ ನೀವೂ ಮರಳಿ. ಒಂದು ದಿನದ ಬಾಡಿಗೆಯನ್ನು ಸುಮ್ಮನೆ ಬಿಟ್ಟುಕೊಡುವವರಲ್ಲ ಅವರು.

30 ಸೆಂ.ಮೀ. ಎಂದರೆ ಎಷ್ಟು ಮಹಾ ಎನ್ನುವವರಿಗೆ ಒಂದು ಲೆಕ್ಕ. ಸಣ್ಣ ಕಾರಿನ ತಳ ರಸ್ತೆಯಿಂದ 17-18 ಸೆಂ.ಮೀ. ಎತ್ತರದಲ್ಲಿರುತ್ತದೆ. ತಳದ ಹರವು ನಾಲ್ಕು ಚದರ ಮೀಟರ್ ಎಂದು ಹಿಡಿದರೆ, ಅದರ ಮೇಲೆ ಏರುವ ಪ್ರತಿ 10 ಸೆಂ.ಮೀ. ನೀರು ಅಂದಾಜು 400 ಕಿಲೋ ಭಾರವನ್ನು ಎತ್ತುತ್ತದೆ. ಒಂದು ಟನ್ ಆಸುಪಾಸಿನ ಕಾರು 30 ಸೆಂ.ಮೀ. ನೀರಿನಲ್ಲಿ ಆಗಲೇ ಅರ್ಧ ತೂಕ ಕಳೆದುಕೊಂಡಿರುತ್ತದೆ. ಟೈರಿಗೆ ಹಿಡಿತವಿಲ್ಲ, ಪಕ್ಕದಿಂದ ಹರಿವು ತಳ್ಳಿದರೆ ಸ್ಟೀರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಹರಿಯುವ ನೀರಾದರೆ ಆಳವನ್ನೇ ಅಳೆಯಬೇಡಿ, ಹಿಂದಿರುಗಿ.

ಇನ್ನು ಎಚ್ಚರಿಕೆಯ ಗುರುತುಗಳು. ತೇಲುವ ಕಸ ಒಂದೇ ದಿಕ್ಕಿಗೆ ಓಡುತ್ತಿದ್ದರೆ ಕೆಳಗೆ ಸೆಳೆತವಿದೆ. ನೀರು ಒಂದೆಡೆ ಸುಳಿಯಾಗಿ ತಿರುಗುತ್ತಿದ್ದರೆ ಅಲ್ಲಿ ಮ್ಯಾನ್‌ಹೋಲ್ ಬಾಯಿ ತೆರೆದಿದೆ. ನಡುರಸ್ತೆಯಲ್ಲಿ ಮರದ ಕೊಂಬೆ ಅಥವಾ ಕೆಂಪು ಬಟ್ಟೆ ಕಟ್ಟಿದ ಕೋಲು ನಿಂತಿದ್ದರೆ ಯಾರೋ ಪುಣ್ಯಾತ್ಮರು ಅದನ್ನು ಗುಂಡಿಗೆ ಗುರುತಾಗಿ ನೆಟ್ಟಿದ್ದಾರೆ. ಕೊನೆಯದಾಗಿ, ವಿಭಜಕದ ಕಪ್ಪು-ಹಳದಿ ಪಟ್ಟೆಯ ಒಂದು ಗೆರೆಯನ್ನು ಗುರುತಿಟ್ಟುಕೊಂಡು ಐದು ನಿಮಿಷ ನೋಡಿ. ಆ ಗೆರೆ ಮುಳುಗಿದರೆ ನೀರು ಏರುತ್ತಿದೆ, ಈಗ ದಾಟಬಹುದಾದ ಆಳವಿದ್ದರೂ ಹೋಗಬೇಡಿ. ಮಧ್ಯದಲ್ಲಿ ಟ್ರಾಫಿಕ್ ನಿಂತರೆ ಅಲ್ಲೇ ಕುಳಿತು ಏರುವ ನೀರನ್ನು ನೋಡಬೇಕಾಗುತ್ತದೆ.

5. ದಾಟಲೇಬೇಕಾದರೆ

ಎಸಿ ಆರಿಸಿ, ಸ್ಟಾರ್ಟ್-ಸ್ಟಾಪ್ ಆರಿಸಿ, ಕಿಟಕಿಗಳನ್ನು ಅರ್ಧ ಇಳಿಸಿ, ಬಾಗಿಲುಗಳ ಲಾಕ್ ತೆಗೆಯಿರಿ. ಮುಂದಿನ ವಾಹನ ಪೂರ್ತಿ ಆಚೆ ದಡ ಸೇರುವವರೆಗೆ ಕಾಯಿರಿ. ಮೊದಲ ಗೇರಿನಲ್ಲಿ, ರಸ್ತೆಯ ಉಬ್ಬಿದ ನಡುಭಾಗದಲ್ಲಿ, ಮನುಷ್ಯ ಬೇಗ ಹೆಜ್ಜೆ ಹಾಕುವ ವೇಗದಲ್ಲಿ ಹೋಗಿ. ಆಕ್ಸಿಲರೇಟರ್ ಮೇಲಿನ ಕಾಲು ಎತ್ತಬೇಡಿ, ಗೇರ್ ಬದಲಿಸಬೇಡಿ. ಎಡ ಅಂಚಿನಲ್ಲಿ ಚರಂಡಿ ಇರುತ್ತದೆ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಟ ಬಿಡಿ, ನೀವು ಎತ್ತ ತಿರುಗುತ್ತೀರೆಂದು ಹಿಂದಿನವನಿಗೆ ತಿಳಿಯುವುದಿಲ್ಲ. ದಾಟಿದ ಮೇಲೆ ನಿಧಾನವಾಗಿ ಹೋಗುತ್ತ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ.

6. ಎಂಜಿನ್ ನಿಂತರೆ ಮೊದಲ ಒಂದು ನಿಮಿಷ

ಕ್ರಮ ತಪ್ಪಬಾರದ ಹಂತ ಇದು.

ಮೊದಲನೆಯದಾಗಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ಹೊಕ್ಕ ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಪಿಸ್ಟನ್ ಮೇಲೇರಿ ನೀರಿಗೆ ಗುದ್ದುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾನು ಕೇಳಿದ ‘ಟಕ್’ ಅದೇ.

ಎರಡನೆಯದು, ಕೀಲಿಯನ್ನು ಆಗಲೇ ತೆಗೆಯಬೇಡಿ. ಬ್ಯಾಟರಿಯ ಶಕ್ತಿ ಇರುವಾಗಲೇ ನಾಲ್ಕೂ ಕಿಟಕಿಗಳನ್ನು ಪೂರ್ತಿ ಇಳಿಸಿ. ಮಳೆ ಒಳಗೆ ಬಂದರೆ ಬರಲಿ. ಬಹಳ ಮಂದಿ ಗಾಬರಿಯಲ್ಲಿ ಮೊದಲು ಕೀಲಿ ತೆಗೆಯುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ತಂತಿಗಳಿಗೆ ನೀರು ತಾಗಿ ಪವರ್ ವಿಂಡೋ ಮಿಸುಕುವುದಿಲ್ಲ. ಕಿಟಕಿಯ ನಂತರ ಲಾಕ್, ಲಾಕ್ ನಂತರ ಎಲ್ಲರ ಸೀಟ್ ಬೆಲ್ಟ್, ಕೀಲಿ ಕೊನೆಗೆ.

ಮೂರನೆಯದು, ಇಳಿಯಿರಿ. ನೀರು ಬಾಗಿಲ ತಳಕ್ಕೆ ಬಂದು ಕಾಲಡಿಯ ಮ್ಯಾಟ್ ಒದ್ದೆಯಾಯಿತೆಂದರೆ ಕಾರು ನಿಮ್ಮದಲ್ಲ, ವಿಮೆಯವರದು ಎಂದುಕೊಳ್ಳಿ. ಬಾಗಿಲ ತಳದಿಂದ ಅರ್ಧ ಮೀಟರ್ ನೀರು ಹೊರಗೆ ನಿಂತು ಒಳಗೆ ಇನ್ನೂ ತುಂಬಿಲ್ಲದಿದ್ದರೆ, ಒಂದು ಮೀಟರ್ ಅಗಲದ ಬಾಗಿಲನ್ನು ಅದು ಸುಮಾರು 125 ಕಿಲೋ ಭಾರದಿಂದ ಒಳಕ್ಕೆ ಒತ್ತುತ್ತಿರುತ್ತದೆ. ಭುಜ ಕೊಟ್ಟು ತಳ್ಳುತ್ತ ಸಮಯ ಕಳೆಯಬೇಡಿ, ಕಿಟಕಿಯಿಂದ ಹೊರಡಿ. ಮಕ್ಕಳನ್ನು ಮೊದಲು ಹೊರಗೆ ದಾಟಿಸಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ: ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿ 1916, ತುರ್ತು ಸಂಖ್ಯೆ 112.

ಕಿಟಕಿ ಇಳಿಯದಿದ್ದರೆ ಮುಖ ಅತ್ತ ತಿರುಗಿಸಿ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯ ಮೊನೆಯಿಂದ ಹೊಡೆಯಿರಿ. ನಡುವಿಗೆ ಹೊಡೆದರೆ ಪೆಟ್ಟು ಪುಟಿಯುತ್ತದೆ. ಸುತ್ತಿಗೆ ಇಲ್ಲದಿದ್ದರೆ ಹೆಡ್‌ರೆಸ್ಟನ್ನು ಕಿತ್ತು ಅದರ ಕಬ್ಬಿಣದ ಕಾಲನ್ನು ಗಾಜು ಮತ್ತು ರಬ್ಬರಿನ ಸಂದಿಗೆ ತೂರಿಸಿ ಮೀಟಿ ನೋಡಬಹುದು. ಒಡೆದೇ ಒಡೆಯುತ್ತದೆ ಎಂಬ ಖಾತರಿ ಇಲ್ಲ. ಇದ್ಯಾವುದೂ ಆಗದಿದ್ದರೆ ಉಳಿಯುವುದು ಒಂದೇ: ತಲೆ ಮೇಲೆತ್ತಿ ಉಸಿರಾಡುತ್ತ ಕಾಯುವುದು. ಒಳಗಿನ ನೀರು ಹೊರಗಿನ ಮಟ್ಟಕ್ಕೆ ಏರುವಾಗ ಒತ್ತಡ ಸಮವಾಗಿ ಬಾಗಿಲು ಬಿಡುತ್ತದೆ, ಆಗ ತಳ್ಳುವುದು.

ಎಂಜಿನ್ ನಿಲ್ಲದೆ, ಟ್ರಾಫಿಕ್‌ನಲ್ಲಿ ನೀರಿನ ನಡುವೆ ಸಿಕ್ಕಿಕೊಂಡರೆ ಅಪಾಯ ಬೇರೆ. ಗಾಜು ಏರಿಸಿ ಎಸಿ ಹಾಕಿ ಕೂರಬೇಡಿ. ಸೈಲೆನ್ಸರ್ ಮುಳುಗಿದಾಗ ಹೊಗೆ ಒಳಗೆ ಸೇರಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ಮಂಪರು ಬಂದರೆ ಅದೇ ಸೂಚನೆ. 2005ರ ಆ ದಿನ ಮುಚ್ಚಿದ ಕಾರುಗಳೊಳಗೆ ಉಸಿರುಗಟ್ಟಿ ಸತ್ತವರಿದ್ದರು.

7. ಕಾರು ಬಿಟ್ಟು ನಡೆಯುವಾಗ

2017ರ ಅದೇ ಆಗಸ್ಟ್ 29ರಂದು ನಗರದ ಹೆಸರಾಂತ ವೈದ್ಯರೊಬ್ಬರು ಕಾರಿನಿಂದ ಇಳಿದು ಮನೆಯ ಕಡೆ ನಡೆಯುತ್ತ ಪ್ರಭಾದೇವಿಯ ಬಳಿ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಕಾರು ಬಿಟ್ಟದ್ದು ಸರಿಯೇ, ಆದರೆ ಕಾಣದ ನೆಲದ ಮೇಲೆ ಒಂದೊಂದು ಹೆಜ್ಜೆಯೂ ಪರೀಕ್ಷೆ.

ಮಡಿಚಿದ ಕೊಡೆಯನ್ನು ಕೋಲಿನಂತೆ ಹಿಡಿದು ಮುಂದಿನ ನೆಲ ಕುಟ್ಟಿ ನೋಡಿ, ಆಮೇಲೆ ಕಾಲಿಡಿ. ಪಾದ ಎತ್ತದೆ ಜಾರಿಸುತ್ತ ನಡೆಯಿರಿ. ಹಲವರಿದ್ದರೆ ಕೈ ಕೈ ಹಿಡಿದು ಒಬ್ಬರ ಹಿಂದೆ ಒಬ್ಬರು ಸಾಗಿ. ವಿದ್ಯುತ್ ಕಂಬ, ಬೀದಿದೀಪ, ಕರೆಂಟಿನ ಪೆಟ್ಟಿಗೆಗಳಿಂದ ದೂರ ಇರಿ, ಆಸರೆಗೆಂದು ಕಂಬ ಹಿಡಿಯಬೇಡಿ. ಕಾಲಿಗೆ ಜುಮ್ಮೆಂದರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ವೇಗವಾಗಿ ಹರಿಯುವ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು.

ಅಂದು ಮನೆಗೇ ಮುಟ್ಟಬೇಕೆಂಬ ಹಟ ಬೇಡ. ಮೊದಲ ಮಹಡಿ ಇರುವ ಹತ್ತಿರದ ಕಟ್ಟಡ ಹತ್ತಿ. ನಾನು ಆ ರಾತ್ರಿ ಮಾಟುಂಗಾದ ಒಂದು ಹೋಟೆಲಿನ ಅಕ್ಕಿ ಮೂಟೆಗಳ ಮೇಲೆ ಮಲಗಿದೆ. ಬೆಳಿಗ್ಗೆ ಐದಕ್ಕೆ ಅಲ್ಲಿಯ ಹುಡುಗ ಎಬ್ಬಿಸಿದ್ದು ಇಡ್ಲಿ ಹಿಟ್ಟು ರುಬ್ಬಲು ಜಾಗ ಬೇಕೆಂದು.

8. ನೀರು ಇಳಿದ ಮೇಲೆ

ಕಾರನ್ನು ಸ್ಟಾರ್ಟ್ ಮಾಡದೆ ಮೊದಲು ಫೋಟೊ ತೆಗೆಯಿರಿ: ನೀರಿನ ಗೆರೆ, ನಂಬರ್ ಪ್ಲೇಟ್, ಒಳಗಿನ ಸೀಟು, ಸುತ್ತಲಿನ ರಸ್ತೆ. ಬ್ಯಾಟರಿಯ ಋಣ ತಂತಿಯನ್ನು ಕಳಚಿ. ವಿಮಾ ಕಂಪನಿಗೆ ಅಂದೇ ತಿಳಿಸಿ, ಅವರ ಸರ್ವೇಯರ್ ನೋಡುವ ಮೊದಲು ಬಿಚ್ಚಲು ಬಿಡಬೇಡಿ. ‘ಒಂದು ಸಲ ಸೆಲ್ಫ್ ಹೊಡೆದು ನೋಡೋಣ’ ಎನ್ನುವ ಮೆಕ್ಯಾನಿಕ್‌ನನ್ನು ತಡೆಯಿರಿ. ಸಾಗಿಸಲು ನಾಲ್ಕೂ ಗಾಲಿ ಮೇಲಿರುವ ಚಪ್ಪಟೆ ಲಾರಿಯನ್ನೇ ಕರೆಸಿ, ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆದರೆ ಗೇರ್‌ಬಾಕ್ಸ್ ಕೆಡಬಹುದು. ಎಂಜಿನ್ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಎಲೆಕ್ಟ್ರಿಕ್ ಕಾರಾದರೆ ಚಾರ್ಜಿಗೆ ಹಾಕಬೇಡಿ, ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಬೇಡಿ, ಕಂಪನಿಯ ತಂತ್ರಜ್ಞರು ಬರಲಿ.

ನಿಮ್ಮ ಕಾಲನ್ನು ನೋಡಿಕೊಳ್ಳುವ ಕೆಲಸ ಇದಕ್ಕಿಂತ ಮೊದಲು. ನಿಂತ ನೀರಿನಲ್ಲಿ ಇಲಿ, ದನಗಳ ಮೂತ್ರ ಬೆರೆತಿರುತ್ತದೆ, ಅದರಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಸಾಬೂನಿನಿಂದ ತೊಳೆದು, ಗಾಯಗಳಿಗೆ ಔಷಧ ಹಚ್ಚಿ, 72 ಗಂಟೆಗಳೊಳಗೆ ವೈದ್ಯರನ್ನೋ ಪಾಲಿಕೆಯ ದವಾಖಾನೆಯನ್ನೋ ಕಾಣಿ. ತಡೆಗಟ್ಟಲು ಮಾತ್ರೆ ಬೇಕೇ ಎಂದು ಅವರು ಹೇಳುತ್ತಾರೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಮಾತ್ರೆ ಬೇರೆಯಾದ್ದರಿಂದ ಪಕ್ಕದ ಮನೆಯವರ ಚೀಟಿಯನ್ನು ನೋಡಿ ನುಂಗಬೇಡಿ. ಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳ ನಂತರ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಕಾರು ಗ್ಯಾರೇಜಿನಲ್ಲಿ, ಮಳೆ ಮರೆತುಹೋಗಿರುತ್ತದೆ. ನೀರಿನಲ್ಲಿ ನಡೆದಿದ್ದೆ ಎಂದು ವೈದ್ಯರಿಗೆ ನೀವೇ ನೆನಪು ಮಾಡಿ ಹೇಳಬೇಕು.